ಹುಕ್ಕೇರಿಯ ಆಚೆಯ ದಾರಿ

ಅಪ್ಪ ಹಳೆಯ ಮೋಟಾರು ಕೊಂಡ ವರ್ಷ ಪೋರ್ತುಗೀಜರ ಗೋವಾಕ್ಕೆ ನಾಲ್ಕು ದಿನದ ಪ್ರವಾಸ ಗೊತ್ತುಮಾಡಿದರು. ಗೋಕಾಕದ ಮನೆಯ ಪಡಸಾಲೆಯಲ್ಲಿ ಅವರು ಹೇಳಿದಂತೆ ನಾನು ದಾರಿ ಬರೆದುಕೊಂಡೆ: ಹುಕ್ಕೇರಿ, ಸಂಕೇಶ್ವರ, ಅಂಬೋಲಿಯ ಘಾಟು, ಸಾವಂತವಾಡಿ, ಆಮೇಲೆ ಪರದೇಶದ ಗಡಿ. ಅವ್ವನಿಗೆ ಸಮುದ್ರ ತೋರಿಸುವುದೇ ಮುಖ್ಯ ಉದ್ದೇಶ. ಸಮುದ್ರ ನೋಡಿ ಬಂದವರು ಯಾರೇ ಸಿಕ್ಕರೂ ಅವಳು ಅದರ ಸುದ್ದಿ ಕೇಳುತ್ತಿದ್ದಳು.

ಅಕ್ಕಿ ಆರಿಸುತ್ತಿದ್ದ ಅವ್ವನ ಕೈ ನಿಂತಿತು. "ನಾ ಹುಕ್ಕೇರಿ ದಾಟಂಗಿಲ್ರಿ. ದಿಕ್ಕಿನ ನೇಮ ಹಿಡದೇನಿ."

ಈ ದಿಕ್ಕಿಗೆ ಇಷ್ಟು ದೂರ ಮೀರಿ ಹೋಗುವುದಿಲ್ಲವೆಂದು ನಮ್ಮ ಜೈನರು ಮುನಿಗಳೆದುರು ವ್ರತ ಹಿಡಿಯುತ್ತಾರೆ. ಹಿಡಿದರೆ ಸಾಯುವತನಕ.

ಅಪ್ಪ ಸಿಟ್ಟಾದರು. "ಶ್ಯಾಣ್ಯಾರು ಮುಂಬೈ ತನಕಾ ಒಳಗಿಟ್ಕೊಂಡು ಹಿಡೀತಾರ. ನೀ ಹುಕ್ಕೇರಿಗೆ ಯಾಕ ನಿಂತಿ?"

"ತವರಮನಿ ಊರು ಬೆಲ್ಲದ ಬಾಗೇವಾಡಿ ನೇಮದೊಳಗ ಬಂದ್ರ ಸಾಕಾಗಿತ್ತು. ಅದರಾಚೆ ನೀವು ಎಂದಾರ ಕರಕೊಂಡು ಹೋಗಿದ್ರೇನ್ರಿ?"

ಅಪ್ಪ ದನಿ ತಗ್ಗಿಸಿ, "ಮುನಿಗಳನ್ನ ಕೇಳೂಣು, ಸಡಿಲ ಮಾಡ್ತಾರ" ಎಂದರು.

"ನನಗ ಬೇಕಾದಾಗ ಸಡಿಲ ಆಗೂದಕ್ಕ ನೇಮ ಅಂತಾರೇನ್ರಿ? ಹುಡುಗರನ್ನ ಕರಕೊಂಡು ಹೋಗ್ರಿ."

ಹೊರಡುವ ದಿನ ಅವಳು ರೊಟ್ಟಿ ಬುತ್ತಿ ಕಟ್ಟಿ ನಮ್ಮೊಂದಿಗೇ ಮೋಟಾರು ಹತ್ತಿದಳು. ಹುಕ್ಕೇರಿಯಲ್ಲಿ ಇಳಿದು, ಬಾಗೇವಾಡಿಗೆ ಹೊರಟಿದ್ದ ಚಕ್ಕಡಿಯಲ್ಲಿ ಕೂತಳು. ಅಪ್ಪ ಬಹಳ ಹೊತ್ತು ಮೋಟಾರು ಚಾಲೂ ಮಾಡಲಿಲ್ಲ. ಆಮೇಲೆ, ತಾವೇ ಬರೆಸಿದ ದಾರಿಯಲ್ಲಿ ಮುಂದಿನ ಊರು ಯಾವುದೆಂದು ನನ್ನನ್ನು ಕೇಳಿದರು.