ಲಿಲ್ಲಿಬಾಯಿ ಕಾರು

ಮೊನ್ನೆ ಭಾನುವಾರ ನನ್ನ ಕಾರು ನೋಡಲು ಬಾಳ್ಳುಪೇಟೆಯಿಂದ ರಮೇಶ ಎಂಬಾತ ಬಂದಿದ್ದ. ಅಲ್ಲಿ ಅವನದೊಂದು ಬೇಕರಿ ಇದೆ. ಎದುರು ಬರುವ ಒಂದೇ ಬಸ್ಸು ಎರಡಾಗಿ ಕಾಣತೊಡಗಿದ ಮೇಲೆ ಇನ್ನು ಸ್ಟೇರಿಂಗ್ ಹಿಡಿಯುವುದು ಊರಿಗೆ ಒಳ್ಳೆಯದಲ್ಲವೆಂದು ನಾನೇ ಮಾರಲು ತೀರ್ಮಾನಿಸಿದ್ದೆ. ರಮೇಶ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ನಗುನಗುತ್ತಲೇ ಕೇಳಿದ: "ಇದೇನು ಲಿಲ್ಲಿಬಾಯಿ ಕಾರಲ್ಲ ತಾನೇ ಮೇಷ್ಟ್ರೇ?"

ನೀವು ನಮ್ಮ ಕಡೆಯವರಲ್ಲದಿದ್ದರೆ ಈ ಮಾತು ನಿಮಗೆ ತಿಳಿಯಲಾರದು. ಹಾನುಬಾಳಿನ ಸುತ್ತಮುತ್ತ, ಹೊರಗೆ ಥಳುಕು ಒಳಗೆ ಹುಳುಕು ಇರುವ ಯಾವುದನ್ನಾದರೂ ಲಿಲ್ಲಿಬಾಯಿ ಕಾರು ಎನ್ನುತ್ತಾರೆ. ಬಣ್ಣ ಬಳಿದು ಮಾರಿದ ಪಂಪ್‌ಸೆಟ್ಟು ಲಿಲ್ಲಿಬಾಯಿ ಕಾರು. ಇಸ್ತ್ರಿ ಅಂಗಿ ತೊಟ್ಟು ಕೆಲಸ ಮಾಡದ ಅಳಿಯನೂ ಲಿಲ್ಲಿಬಾಯಿ ಕಾರು. ಲಿಲ್ಲಿಬಾಯಿ ಯಾರು ಎಂದು ಕೇಳಿದರೆ ರಮೇಶನಂಥವರಿಗೆ ಗೊತ್ತಿಲ್ಲ. ನನಗೆ ಗೊತ್ತು, ಏಕೆಂದರೆ ಆ ಮಾತನ್ನು ಹುಟ್ಟಿಸಿದವನು ನಾನು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನಾಗ ಹಾನುಬಾಳಿನಲ್ಲಿ ಮೇಷ್ಟ್ರಾಗಿದ್ದೆ. ಕಾರು ಕೊಳ್ಳಬೇಕೆಂದು ಒಮ್ಮೆ ಬಾಯಿ ಬಿಟ್ಟದ್ದೇ ತಡ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಪಂಡಿತರಾದರು. ಡಾಕ್ಟರ ಕಾರಾದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಟ್ಯಾಕ್ಸಿಗೆ ಓಡಿದ್ದನ್ನು ಕೈಯಿಂದಲೂ ಮುಟ್ಟಬಾರದು. ಮೀಟರಿನಲ್ಲಿ ಕಿಲೋಮೀಟರು ಕಡಿಮೆಯಿದ್ದಷ್ಟೂ ಲೇಸು. ಒಬ್ಬರೇ ಓಡಿಸಿದ, ಮಳೆ ಕಾಣದ ಕಾರು ಸಿಕ್ಕಿತೋ, ಪುಣ್ಯ ಮಾಡಿರಬೇಕು. ಸ್ವಂತ ಕಾರು ಇದ್ದವರು ಈ ಪಂಡಿತರಲ್ಲಿ ಒಬ್ಬರೂ ಇರಲಿಲ್ಲ. ನಾನು ಎಲ್ಲವನ್ನೂ ನಂಬಿದೆ. ಸಾಲದ್ದಕ್ಕೆ ನನ್ನದೂ ಒಂದು ಸಿದ್ಧಾಂತ ಸೇರಿಸಿದೆ: ತಾಯಿಯಂತೆ ಮಗಳು, ನೂಲಿನಂತೆ ಸೀರೆ, ಹಾಗೆಯೇ ಯಜಮಾನನಂತೆ ಕಾರು. ಯಜಮಾನನನ್ನು ನೋಡಿದರೆ ಸಾಕು.

ಬಾಳ್ಳುಪೇಟೆಯ ಮೆಕ್ಯಾನಿಕ್ ಬಷೀರಣ್ಣ ಮಾತ್ರ ಬೇರೆ ರಾಗ ಹಾಡಿದ್ದ. ಅವನ ಗ್ಯಾರೇಜಿನಲ್ಲಿ ದಿನವೂ ಹಾಸನಕ್ಕೆ ಬಾಡಿಗೆ ಹೊಡೆಯುತ್ತಿದ್ದ ಒಂದು ಟ್ಯಾಕ್ಸಿ ಮಾರಾಟಕ್ಕಿತ್ತು. "ಓಡೋ ಗಾಡಿ ತಗಳಿ ಸಾರ್. ನಿಂತಿರೋ ಗಾಡಿ ಒಳಗೊಳಗೇ ಸಾಯ್ತಾ ಇರ್ತದೆ," ಎಂದ. ಇವನಿಗೆ ಕಮಿಷನ್ನಿನ ಆಸೆ ಎಂದುಕೊಂಡು ಸೀದಾ ಲಿಲ್ಲಿಬಾಯಿಯ ಮನೆಗೆ ಹೋದೆ.

ಲಿಲ್ಲಿಬಾಯಿ ಎಂದರೆ ಮಂಗಳೂರು ಕಡೆಯಿಂದ ಬಂದು ನಮ್ಮಲ್ಲಿ ಸಣ್ಣ ಕಾಫಿ ತೋಟ ಮಾಡಿಕೊಂಡಿದ್ದ ಕ್ರೈಸ್ತ ಮನೆಯ ಹೆಂಗಸು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಊರವರೆಲ್ಲ ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಆಕೆ ತೂಗಿಕೊಟ್ಟ ಮೆಣಸನ್ನು ಯಾರೂ ಮತ್ತೆ ತೂಗುತ್ತಿರಲಿಲ್ಲ, ಅಷ್ಟು ಪ್ರಾಮಾಣಿಕಳೆಂಬ ಹೆಸರು. ಗಂಡ ಓಡಿಸುತ್ತಿದ್ದ ಬಿಳಿ ಕಾರನ್ನು ಈಗ ಮಾರಲಿದ್ದರು; ಅದು ಕಾಫಿ ಸ್ಟೋರಿನಲ್ಲಿ, ಗೊಬ್ಬರದ ಮೂಟೆಗಳ ಪಕ್ಕ ನಿಂತಿತ್ತು. ಆಕೆ ಆಗಾಗ ಒರೆಸಿ ಇಡುತ್ತಿದ್ದುದರಿಂದ ಮದುಮಗಳಂತೆ ಹೊಳೆಯುತ್ತಿತ್ತು.

ಮೊದಲು ಕಾಫಿ ಬಂತು. ತಪ್ಪಾದದ್ದೇ ಅಲ್ಲಿ. ಒಬ್ಬರ ಮನೆಯಲ್ಲಿ ಕಾಫಿ ಕುಡಿದ ಮೇಲೆ ಅವರ ಕಾರಿನ ಅಡಿಗೆ ಬಗ್ಗಿ ನೋಡುವುದೆಂದರೆ ನಮ್ಮ ಕಡೆ ಅವರ ಮಾತನ್ನು ನಂಬಲಿಲ್ಲವೆಂದು ಮುಖಕ್ಕೇ ಹೇಳಿದ ಹಾಗೆ. ನೆಂಟಸ್ತಿಕೆಗಳೇ ಹಾಗೆ ಕುದುರುತ್ತವೆ, ಕಾರಿನದೇನು ಮಹಾ.

ಆದರೆ ಬಾಯಮ್ಮನೇ ಕಾರಿನ ಪಕ್ಕದಲ್ಲೊಂದು ಗೋಣಿಚೀಲ ಹಾಸಿಟ್ಟಿದ್ದರು. "ಮೂರು ಮಳೆಗಾಲ ಈ ಗೊಬ್ಬರದ ಹತ್ರವೇ ನಿಂತದ್ದು ಮಾಸ್ಟ್ರೇ. ಅಡಿಯಲ್ಲಿ ಹೇಗುಂಟೋ ನಂಗೆ ಗೊತ್ತಿಲ್ಲ. ಒಮ್ಮೆ ಮಲಗಿ ನೋಡಿ. ಬೇಕಾದ್ರೆ ಮೆಕ್ಯಾನಿಕ್‌ನ ಕರ್ಕೊಂಡು ಬನ್ನಿ," ಎಂದರು.

"ಛೆ ಛೆ, ನಿಮ್ಮ ಕಾರನ್ನ ಬಗ್ಗಿ ನೋಡೋದಾ ಬಾಯಮ್ಮ! ನೋಡೋಕೇನೈತೆ," ಎಂದು ನಾನು ಗೋಣಿಚೀಲವನ್ನು ತುಳಿಯದೆ ಸುತ್ತಿಕೊಂಡು ಈಚೆ ಬಂದೆ. ನನ್ನ ಸಭ್ಯತೆಗೆ ನಾನೇ ಮೆಚ್ಚಿ, ಕಾರು ಕೊಂಡೆ.

ಜುಲೈ ತಿಂಗಳು. ಸಕಲೇಶಪುರದಿಂದ ಹೆಂಡತಿಯ ಜೊತೆ ಅದೇ ಕಾರಿನಲ್ಲಿ ಬರುತ್ತಿದ್ದೆ. ಹಾನುಬಾಳಿನ ಬಸ್‌ಸ್ಟ್ಯಾಂಡಿನ ಮುಂದೆ ನೀರು ನಿಂತ ಗುಂಡಿಗೆ ಚಕ್ರ ಇಳಿದದ್ದೇ, ಅವಳ ಕಾಲಡಿಯ ತಗಡು ಹಪ್ಪಳದಂತೆ ಮುರಿದು ಕೆಸರು ನೀರು ಸೀರೆಗೆಲ್ಲ ಚಿಮ್ಮಿತು. ಒಂದು ಚಪ್ಪಲಿ ರಸ್ತೆಯ ಪಾಲಾಯಿತು. ಗೊಬ್ಬರದ ಉಪ್ಪು ಮೂರು ವರ್ಷ ಕೂತು ಕಬ್ಬಿಣ ತಿಂದಿತ್ತು. ಬಸ್ಸಿಗೆ ಕಾದಿದ್ದವರೆಲ್ಲ ನಕ್ಕರು. ಮೇಷ್ಟ್ರು ನಗಿಸಬಹುದು, ನಗೆಪಾಟಲಾಗಬಾರದು. ನಾಲಗೆ ಮುಂದಾಯಿತು: "ನನ್ನ ನೋಡಿ ಏನ್ ನಗ್ತೀರಿ? ಇದು ಲಿಲ್ಲಿಬಾಯಿ ಕಾರು ಕಣ್ರೀ! ಮೇಲೆ ಪಾಲಿಶು, ಕೆಳಗೆ ಪಾತಾಳ!"

ನಗು ನನ್ನ ಮೇಲಿನಿಂದ ಆಕೆಯ ಮೇಲೆ ಹೋಯಿತು. ಅದರ ರುಚಿ ಹತ್ತಿ, ಅಂಗಡಿಯಲ್ಲಿ, ಮದುವೆಮನೆಯಲ್ಲಿ, ಎಲ್ಲೆಂದರಲ್ಲಿ ಆ ಕತೆ ಹೇಳಿದೆ. ಹೇಳುವಾಗ ಕಾಫಿ ಇರುತ್ತಿತ್ತು, ಚಪ್ಪಲಿ ಇರುತ್ತಿತ್ತು. ಗೋಣಿಚೀಲ ಇರುತ್ತಿರಲಿಲ್ಲ. "ಒಮ್ಮೆ ಮಲಗಿ ನೋಡಿ" ಎಂಬ ಮಾತನ್ನು ಹೆಂಡತಿಗೂ ಹೇಳಲಿಲ್ಲ.

ಆ ವರ್ಷ ಬಾಯಮ್ಮನ ಮೆಣಸನ್ನು ವ್ಯಾಪಾರಿ ಎರಡು ಸಲ ತೂಗಿದನಂತೆ. ಡಿಸೆಂಬರಿನಲ್ಲಿ ಎಂದಿನಂತೆ ನಮ್ಮ ಮನೆಗೆ ಕ್ರಿಸ್‌ಮಸ್ಸಿನ ತಿಂಡಿ ತಟ್ಟೆ ಬಂತು. ನಾನು ಮುಚ್ಚಿದ ಬಟ್ಟೆಯನ್ನೂ ತೆಗೆಯದೆ ವಾಪಸು ಕಳಿಸಿದೆ. ಮರುವರ್ಷ ಆಕೆ ತೋಟ ಮಾರಿ ಮಂಗಳೂರಿನ ತಂಗಿಯ ಮನೆಗೆ ಹೋದರು. ಅಲ್ಲೇ ತೀರಿಕೊಂಡರು. ಹೋಗುವ ಮೊದಲು ಒಂದು ಸಲವಾದರೂ ಆಕೆ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಯಾರಿಗೂ ಏನೂ ಹೇಳಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಷೀರಣ್ಣನ ಟ್ಯಾಕ್ಸಿಯನ್ನು ಯಾರೋ ಕೊಂಡು ಬಹಳ ವರ್ಷ ಓಡಿಸಿದರು ಎಂಬುದನ್ನೂ ಇಲ್ಲಿ ಸೇರಿಸಿಬಿಡುತ್ತೇನೆ.

ರಮೇಶ ಕಾಫಿ ಕುಡಿದು ಲೋಟ ಇಟ್ಟ. "ನಿಮ್ಮಂಥೋರ ಕಾರು ಅಂದ್ಮೇಲೆ ನೋಡೋದೇನೈತೆ ಬುಡಿ ಮೇಷ್ಟ್ರೇ," ಎಂದ.

"ಅಡಿಗೆ ಮಲಗಿ ನೋಡು. ನೋಡದಿದ್ದರೆ ಕೊಡಲ್ಲ," ಎಂದೆ. ನನ್ನ ದನಿ ಯಾಕೆ ಏರಿತೆಂದು ಅವನಿಗೆ ತಿಳಿಯಲಿಲ್ಲ. ಮಲಗಿ ನೋಡಿದ. ಅವನು ಅಂಗಿ ಕೊಡವಿಕೊಳ್ಳುತ್ತಿದ್ದಾಗ ನಾನು ಎಲ್ಲವನ್ನೂ ಹೇಳಿದೆ. ಆಕೆ ಹೇಳಿದ್ದನ್ನೂ, ನಾನು ಮುಚ್ಚಿಟ್ಟಿದ್ದನ್ನೂ ಬಿಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಒಳಗೆ ಹೆಂಡತಿಯ ಪಾತ್ರೆ ಸದ್ದು ನಿಂತಿತು.

"ಹೌದಾ ಮೇಷ್ಟ್ರೇ? ಪಾಪ," ಎಂದ ರಮೇಶ. ನಿಜವಾಗಿಯೂ ಮರುಗಿದ. ಕಾರು ಒಪ್ಪಿಕೊಂಡು, ಮುಂದಿನ ವಾರ ಬರುತ್ತೇನೆಂದು ಹೊರಟ. ಗೇಟು ದಾಟುವಾಗ ಯಾರದೋ ಫೋನು ಬಂತು.

"ನೋಡ್ದೆ ಕಣೋ, ಚೆನ್ನಾಗೈತೆ," ಎನ್ನುತ್ತಿದ್ದ. "ಇಲ್ಲ ಮಾರಾಯ, ಲಿಲ್ಲಿಬಾಯಿ ಕಾರಲ್ಲ."