ಸಾಂದರ್ಭಿಕ ಚಿತ್ರ

ಚಿತ್ರಕಲಾ ಪ್ರದರ್ಶನಗಳನ್ನು ಉದ್ಘಾಟಿಸುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಚಿತ್ರ ನೋಡುವುದರಲ್ಲಿ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳಲು ಸ್ವಲ್ಪ ಧೈರ್ಯ ಬರುತ್ತದೆ. ಚಿಂತಾಮಣಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ನಮ್ಮ ಕಡೆ ಕನ್ನಡ ಮೇಷ್ಟ್ರು ಎಂದರೆ ಯಾವ ಸಭೆಗೂ ಒಗ್ಗುವ ಮನುಷ್ಯ. ಮುಖ್ಯ ಅತಿಥಿ ಕೈಕೊಟ್ಟಾಗ ನೆನಪಾಗುವವನು. ಹೀಗೆ ಕರೆದಲ್ಲಿಗೆ ಹೋಗಿ, ಟೇಪು ಕತ್ತರಿಸಿ, ಮೊದಲ ಚಿತ್ರದ ಮುಂದೆ ಕೈಕಟ್ಟಿ ನಿಂತು, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಬಣ್ಣಗಳ ಹೊಂದಾಣಿಕೆ ಬಹಳ ಚೆನ್ನಾಗಿದೆ ಎನ್ನುತ್ತೇನೆ. ಈ ಮಾತು ಯಾವತ್ತೂ ಸೋತಿಲ್ಲ. ಒಮ್ಮೆ ಮಾತ್ರ, ನಾನು ಹೀಗೆಂದಾಗ ಎಲ್ಲರೂ ಸುಮ್ಮನಾದರು. ಅದು ಪೆನ್ಸಿಲಿನ ಚಿತ್ರವಾಗಿತ್ತು.

ಇಂಥವನಿಗೆ ಬೆಂಗಳೂರಿನ ಒಂದು ವಾರಪತ್ರಿಕೆಯಿಂದ ಫೋನು ಬಂತು. ಮಾತಾಡಿದ ಹುಡುಗಿ ಪುರವಣಿಯ ಸಂಪಾದಕಿ, ಬಹಳ ಮರ್ಯಾದಸ್ಥೆ. ಊರೂರಿನ ಆರ್ಟ್ ಗ್ಯಾಲರಿಗಳು, ಅಲ್ಲಿನ ಉದಯೋನ್ಮುಖ ಕಲಾವಿದರು ಎಂದು ಅವರೊಂದು ಮಾಲೆ ನಡೆಸುತ್ತಿದ್ದರಂತೆ. ದೊಡ್ಡ ಊರುಗಳೆಲ್ಲ ಮುಗಿದು ಈಗ ನಮ್ಮ ಸರದಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕನ್ನೂ ಸೇರಿಸಿ ಒಂದು ಊರೆಂದು ಲೆಕ್ಕ ಹಿಡಿದಿದ್ದರು. ನಾನು ಒಪ್ಪಿಕೊಂಡೆ. ಅಚ್ಚಿನಲ್ಲಿ ಹೆಸರು ಬರುತ್ತದೆ ಎಂದರೆ ಬೇಡವೆನ್ನುವ ಜಾತಿಯವನಲ್ಲ ನಾನು. ಫೋನಿಟ್ಟು ಹೆಂಡತಿಗೆ ಹೇಳಿದರೆ, ಗ್ಯಾಲರಿ ಅನ್ನೋದು ಫೋನಿನೊಳಗಿರುತ್ತದಲ್ಲ, ಊರಲ್ಲಿ ಎಲ್ಲಿದೆ ಎಂದು ಕೇಳಿದಳು. ಹಳೆಯ ಕಾವ್ಯಗಳಲ್ಲಿ ರಾಜಕುಮಾರಿಯರು ಚಿತ್ರಶಾಲೆಗೆ ಹೋಗಿ, ಕಾಣದ ರಾಜಕುಮಾರನ ಚಿತ್ರ ನೋಡಿ ಮೂರ್ಛೆ ಹೋಗುತ್ತಾರೆ. ನಮ್ಮ ಪುರಸಭೆಗಳು ಮೂರ್ಛೆ ಹೋಗಲು ಬೇರೆ ಅನುಕೂಲಗಳನ್ನು ಕಲ್ಪಿಸಿವೆ, ಚಿತ್ರಶಾಲೆಯೊಂದು ಬಿಟ್ಟು.

ಆದರೂ ಹುಡುಕಿಕೊಂಡು ಹೊರಟೆ. ನಂದಿಯ ತಪ್ಪಲಿನ ಒಂದು ರೆಸಾರ್ಟಿನಲ್ಲಿ ಗ್ಯಾಲರಿ ಇದೆ ಎಂದು ಯಾರೋ ಹೇಳಿದರು. ಇತ್ತು, ಆದರೆ ಅಲ್ಲಿ ಊಟ ಮಾಡುವವರಿಗೆ ಮಾತ್ರ. ಊಟಕ್ಕೆ ಕೂತು ನೋಡಿದೆ. ಬೆಟ್ಟದ ಮೇಲೆ ಮಂಜು, ಮಂಜಿನಲ್ಲಿ ಎತ್ತು, ಎತ್ತಿನ ಹಿಂದೆ ಕೊಡ ಹೊತ್ತ ಹೆಂಗಸು. ಆ ಎತ್ತುಗಳ ಹೆಗಲಿನಲ್ಲಿ ನೊಗದ ಕಲೆ ಇರಲಿಲ್ಲ, ಹೆಂಗಸರ ಕಾಲಿನಲ್ಲಿ ಮಣ್ಣಿರಲಿಲ್ಲ. ಗೌರಿಬಿದನೂರಿನಲ್ಲಿ ಒಂದು ಬ್ಯಾಂಕಿನವರು ಟೋಕನ್ ಕೌಂಟರಿನ ಹಿಂದಿನ ಗೋಡೆಗೆ ನನ್ನ ಚಿಕ್ಕಪ್ಪನ ಮೊಮ್ಮಗಳು ಹರ್ಷಿತಾಳ ಮೂರು ಚಿತ್ರ ಹಾಕಿದ್ದರು. ಇಪ್ಪತ್ತನಾಲ್ಕರ ಹುಡುಗಿ. ಅವಳದ್ದೂ ಮಂಜೇ, ಆದರೆ ಎತ್ತಿರಲಿಲ್ಲ. ಅದೊಂದು ಸಮಾಧಾನ.

ನಿಜವಾದ ಗ್ಯಾಲರಿ ಸಿಕ್ಕಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯ, ಫೋಟೋಗಳಿಗೆ ಕಟ್ಟು ಹಾಕುವ ಒಂದು ಅಂಗಡಿಯಲ್ಲಿ. ಅಂಗಡಿ ಅಕ್ರಂ ಪಾಷ ಅವರದು. ಎದುರಿನ ಗೋಡೆಯಲ್ಲಿ ದೇವರುಗಳು, ಎಡಗೋಡೆಯಲ್ಲಿ ಇತ್ತೀಚೆಗೆ ತೀರಿಕೊಂಡವರು. ಬಲಗೋಡೆಯ ತುಂಬ ಒಬ್ಬನೇ ಮನುಷ್ಯ ಬರೆದ ಚಿತ್ರಗಳು. ಯಾರದ್ದು ಇವು ಎಂದೆ. ದಿಬ್ಬೂರಹಳ್ಳಿಯ ವೆಂಕಟರೋಣಪ್ಪನವರದು ಎಂದರು ಪಾಷ. ಹೆಸರು ಕೇಳಿದ್ದೇ ನನಗೆ ನೆನಪಾಯಿತು. ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಒಂದು ಪ್ರದರ್ಶನದಲ್ಲಿ ಇದೇ ಮನುಷ್ಯನನ್ನು ನಾನು ಉದಯೋನ್ಮುಖ ಕಲಾವಿದರು ಎಂದು ಸಭೆಗೆ ಪರಿಚಯಿಸಿದ್ದೆ.

ಉದಯೋನ್ಮುಖ ಎಂಬ ಪದವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಉದಯಕ್ಕೆ ಮುಖ ಮಾಡಿ ನಿಂತವನು ಎಂದರ್ಥ. ಉದಯವಾಗಿಯೇ ಆಗುತ್ತದೆ ಎಂಬ ಭರವಸೆ ಆ ಪದದಲ್ಲಿ ಎಲ್ಲೂ ಇಲ್ಲ.

ವೆಂಕಟರೋಣಪ್ಪನವರಿಗೆ ಈಗ ಐವತ್ತೆಂಟು. ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕರು. ಅಂದರೆ ಹಳ್ಳಿಹಳ್ಳಿಗೆ ಹೋಗಿ ಹುಳು ಸಾಕುವುದನ್ನು ರೈತರಿಗೆ ತೋರಿಸಿಕೊಡುವ ಕೆಲಸ. ಹುಳುವಿನ ರೋಗಗಳ ಪಟಗಳನ್ನು ತಾವೇ ಬರೆದುಕೊಳ್ಳುತ್ತ ಚಿತ್ರಕ್ಕೆ ಬಿದ್ದವರು. ಮರುದಿನ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಬುದ್ಧನ ಫೋಟೋ. ಅವರ ತಂದೆ ಬೌದ್ಧರಾದ ಕಾಲದ್ದು. ಅದರ ಕೆಳಗೆ ಒಂದು ಡಬ್ಬಿಯಲ್ಲಿ ಹಳೆಯ ಆಮಂತ್ರಣ ಪತ್ರಿಕೆಗಳನ್ನು ಜೋಡಿಸಿಟ್ಟಿದ್ದರು. ಎಲ್ಲದರಲ್ಲೂ ಅದೇ ಬಿರುದು.

“ಮೂವತ್ತು ವರ್ಷದಿಂದ ಉದಯಿಸ್ತಾನೇ ಇದೀನಿ ಸಾರ್,” ಎಂದರು. “ಮೋಡ ಜಾಸ್ತಿ ಅಂತ ಕಾಣತ್ತೆ.”

ಹಿಂದಿನ ಕೋಣೆಯಲ್ಲಿ ಆರಡಿ ಉದ್ದದ ಪ್ಲೈವುಡ್ ಹಲಗೆಯ ಮೇಲೆ ಒಂದು ಚಿತ್ರವಿತ್ತು. ಬೆಳೆದ ರೇಷ್ಮೆಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿರುವುದು. ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲುಗಾಡದೆ ಕೂತಿರುತ್ತದೆ. ಅಂಥ ನೂರಾರು ಹುಳುಗಳು, ಒಂದೊಂದಕ್ಕೂ ಬೇರೆ ಬೇರೆ ಬಿಳಿ. ಬಾಗಿಲಲ್ಲಿ ನಿಂತು ನೋಡಿದರೆ ಯಾವುದೋ ಕಚೇರಿಯ ಮುಂದೆ ಬೆಳಗಿನಿಂದ ಕೂತ ಜನ. ಹತ್ತಿರ ಹೋದರೆ ಮತ್ತೆ ಹುಳು. ನಾನು ತಲೆ ವಾಲಿಸುವುದನ್ನು ಮರೆತೆ. ಎಷ್ಟು ಹೊತ್ತು ನಿಂತೆನೋ, ಅವರ ಹೆಂಡತಿ ಸುಜಾತಮ್ಮ ತಂದಿಟ್ಟ ಕಾಫಿ ಆರಿಹೋಗಿತ್ತು. ನೋಡಿದರೆ ಭಯವಾಗುತ್ತದೆ ಎಂದೆ. ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿ, ನನಗೂ ಆಗ್ತಿತ್ತು ಸಾರ್, ಬರೆಯುವಾಗ ಎಂದರು.

ಮನೆಗೆ ಬಂದು ಒಂದೇ ಉಸಿರಿನಲ್ಲಿ ಬರೆದೆ. ಲೇಖನದ ಮುಕ್ಕಾಲು ಭಾಗ ಅವರೇ. ಹುಳುಗಳ ಚಿತ್ರದ ಫೋಟೋ ಸಮೇತ ಕಳಿಸಿದೆ. ಕಳಿಸಿ ವೆಂಕಟರೋಣಪ್ಪನವರಿಗೆ ಫೋನು ಮಾಡಿ, ಮುಂದಿನ ವಾರ ಪತ್ರಿಕೆ ನೋಡಿ ಎಂದೆ. ಇದೊಂದನ್ನು ಮಾಡದೇ ಇದ್ದಿದ್ದರೆ ನನ್ನ ತಪ್ಪು ಅರ್ಧ ಕಡಿಮೆಯಾಗುತ್ತಿತ್ತು.

ಎರಡು ದಿನದ ಮೇಲೆ ಸಂಪಾದಕಿಯ ಫೋನು. ಲೇಖನ ತುಂಬಾ ಚೆನ್ನಾಗಿದೆ ಸರ್, ಕಲಾವಿದರ ವಯಸ್ಸೆಷ್ಟು ಎಂದು ಕೇಳಿದಳು. ಹೇಳಿದೆ. ಮಾಲೆಯಲ್ಲಿ ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಸರ್, ಯಂಗ್ ಯಾರಾದರೂ ಇಲ್ಲವಾ ಎಂದಳು.

ಇಲ್ಲಿ ನಾನು ಹೇಳಬಹುದಾಗಿದ್ದ ಮಾತುಗಳು ಹಲವು. ಕಲಾವಿದನ ವಯಸ್ಸನ್ನು ಅವನ ಚಿತ್ರದಿಂದ ಎಣಿಸಬೇಕು ಎನ್ನಬಹುದಿತ್ತು. ಅವರಿಲ್ಲದಿದ್ದರೆ ಲೇಖನವೇ ಬೇಡ ಎನ್ನಬಹುದಿತ್ತು. ಆಮೇಲೆ ಸ್ನಾನದ ಮನೆಯಲ್ಲಿ ಇವನ್ನೆಲ್ಲ ಬಹಳ ಚೆನ್ನಾಗಿ ಹೇಳಿದೆ. ಫೋನಿನಲ್ಲಿ ಹೇಳಿದ್ದು ಮಾತ್ರ, “ಗೌರಿಬಿದನೂರಲ್ಲಿ ಒಬ್ಳು ಹುಡುಗಿ ಇದಾಳಮ್ಮ.”

ಲೇಖನ ತಿದ್ದಿದೆ. ಮುಕ್ಕಾಲು ಭಾಗ ಹರ್ಷಿತಾ ಬಂದಳು, ಮಂಜು ಬಂತು. ಕೊನೆಗೆ ದಿಬ್ಬೂರಹಳ್ಳಿಯ ಹಿರಿಯ ಹವ್ಯಾಸಿಯೊಬ್ಬರೂ ಗಮನಾರ್ಹರು ಎಂದು ಒಂದು ಸಾಲು ಸೇರಿಸಿ, ನ್ಯಾಯ ಮಾಡಿದೆ ಎಂದುಕೊಂಡೆ. ಪತ್ರಿಕೆ ಬಂದಾಗ ಜಾಗ ಸಾಲದೆ ಆ ಸಾಲು ಹೋಗಿತ್ತು. ಆದರೆ ಪುಟದ ಅರ್ಧ ತುಂಬಿಕೊಂಡು ಹುಳುಗಳ ಚಿತ್ರವಿತ್ತು. ಮೊದಲು ಕಳಿಸಿದ್ದ ಫೋಟೋ ಅವರಲ್ಲಿ ಉಳಿದಿತ್ತಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಪದ: ಸಾಂದರ್ಭಿಕ ಚಿತ್ರ.

ನಾನು ಶಿಡ್ಲಘಟ್ಟದ ಕಡೆ ಹೋಗುವುದನ್ನು ಬಿಟ್ಟೆ. ಬೆಂಗಳೂರಿಗೆ ಹೋಗಬೇಕಾದರೂ ಆ ದಾರಿಯ ಬಸ್ಸು ಹತ್ತುತ್ತಿರಲಿಲ್ಲ. ಸುದ್ದಿ ಮಾತ್ರ ತಾನಾಗಿ ಬಂತು. ಅಕ್ರಂ ಪಾಷ ಒಂದು ಕಟ್ಟು ಪತ್ರಿಕೆ ತರಿಸಿ ಇಟ್ಟುಕೊಂಡಿದ್ದರಂತೆ, ಬಂದವರಿಗೆಲ್ಲ ಕೊಡಲು. ಇಲಾಖೆಯಲ್ಲಿ ವೆಂಕಟರೋಣಪ್ಪನವರ ಜೊತೆಯವರು ಪತ್ರಿಕೆ ಹಿಡಿದು ಅವರ ಹೆಸರನ್ನು ಹಿಂದೆಮುಂದೆ ಹುಡುಕಿದರಂತೆ. ಅದೇ ವಾರ ಅವರು ಬಂದು ಅಂಗಡಿಯ ಬಲಗೋಡೆಯ ಚಿತ್ರಗಳನ್ನೆಲ್ಲ ಇಳಿಸಿಕೊಂಡು ಹೋದರಂತೆ. ಇದನ್ನೆಲ್ಲ ನನಗೆ ಹೇಳಿದವಳು ಹರ್ಷಿತಾ. ಪತ್ರಿಕೆ ಬಂದ ಮಾರನೆಯ ದಿನವೇ ಅವಳು ಫೋನು ಮಾಡಿದ್ದಳು, ಥ್ಯಾಂಕ್ಸ್ ಹೇಳಲಿಕ್ಕಲ್ಲ.

“ದೊಡ್ಡಪ್ಪ, ಆ ಪೇಜಲ್ಲಿ ಚಿತ್ರ ಅಂತ ಇರೋದು ಅದೊಂದೇ. ಯಾರದು ಅದು?”

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೂ ಏನಾದರೂ ವಾದ ಹೊಳೆಯುತ್ತಿತ್ತು. ಭಾನುವಾರ ದಿಬ್ಬೂರಹಳ್ಳಿಗೆ ಹೋಗಿ ಅವರನ್ನು ಕಂಡು ಬಂದಳು. ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದಳು. ಅವರೀಗ ಹೊಸದೇನೋ ಬರೆಯುತ್ತಿದ್ದಾರೆ, ಅವಳಿಗೆ ತೋರಿಸುತ್ತಾರೆ. ಏನದು ಎಂದು ನಾನು ಕೇಳಿದರೆ, ಬೇರೆಯವರಿಗೆ ಹೇಳಬೇಡ ಎಂದಿದ್ದಾರೆ ದೊಡ್ಡಪ್ಪ ಎನ್ನುತ್ತಾಳೆ. ಆ ಬೇರೆಯವರು ಯಾರೆಂದು ನನಗೆ ಗೊತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವೆಂಕಟರೋಣಪ್ಪನವರೇ ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಪತ್ರಿಕೆ. ಕೂತುಕೊಳ್ಳಿ ಎಂದರೂ ಕೂರಲು ಸ್ವಲ್ಪ ಹೊತ್ತು ತೆಗೆದುಕೊಂಡರು. ನಾನು ಹವಾಮಾನದಿಂದ ಹಿಡಿದು ಬಸ್ಸುಗಳವರೆಗೆ ಎಲ್ಲ ಮಾತಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಪುಟ ಬಿಚ್ಚಿ, ಬೆರಳಿಟ್ಟು ತೋರಿಸಿದರು.

“ಸಾಂದರ್ಭಿಕ ಅಂದ್ರೆ ಏನು ಸಾರ್? ಕನ್ನಡ ಮೇಷ್ಟ್ರನ್ನೇ ಕೇಳಣ ಅಂತ ಬಂದೆ.”

ಅವರಿಗೆ ಅರ್ಥ ಗೊತ್ತಿತ್ತು. ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಚಾಳಿ. ಸಂದರ್ಭಕ್ಕೆ ಒದಗುವುದು, ನೇರವಾಗಿ ಸಂಬಂಧಪಡದಿದ್ದರೂ ಹೊಂದಿಕೊಳ್ಳುವುದು ಎಂದು ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಹಂಗಾದ್ರೆ ಸಂದರ್ಭ ನಿಮ್ದು,” ಎಂದರು. “ಚಿತ್ರ ಮಾತ್ರ ನಂದು.”

ತಪ್ಪಾಯಿತು ಎಂದೆ. ಅದು ಅವರಿಗೆ ಸಾಲಲಿಲ್ಲ. ಸಾಲುವ ಮಾತೂ ಅಲ್ಲ. ಪತ್ರಿಕೆಗೆ ತಿದ್ದುಪಡಿ ಕಳಿಸುತ್ತೇನೆ, ನಿಮ್ಮೆದುರೇ ಬರೆಯುತ್ತೇನೆ ಎಂದು ಕಾಗದ ತೆಗೆದೆ. ಇಂಥ ಸಂಚಿಕೆಯಲ್ಲಿ ಸಾಂದರ್ಭಿಕ ಚಿತ್ರವೆಂದು ಪ್ರಕಟವಾದ ಕಲಾಕೃತಿ ದಿಬ್ಬೂರಹಳ್ಳಿಯ ಕಲಾವಿದರಾದ ಶ್ರೀ ವೆಂಕಟರಮಣಪ್ಪ ಅವರದೆಂದೂ, ಹೆಸರು ಬಿಟ್ಟುಹೋದದ್ದಕ್ಕೆ ವಿಷಾದವೆಂದೂ ಬರೆದೆ. ಉದಯೋನ್ಮುಖ ಎಂದು ಸೇರಿಸಲಿಲ್ಲ. ವಾಕ್ಯ ಚೆನ್ನಾಗಿ ಬಂದಿದೆ ಎನಿಸಿ, ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ನಿಧಾನವಾಗಿ ಓದಿದರು.

“ಇದು ನನ್ನೆಸ್ರಲ್ಲ ಸಾರ್.”

ನೋಡಿದೆ. ವರ್ಷಗಟ್ಟಲೆ ಹುಡುಗರ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿ ಹಾಕಿದ ಕೈ, ಅವರ ಹೆಸರನ್ನೂ ಶುದ್ಧ ಮಾಡಿತ್ತು. ಅವರು ನನ್ನ ಪೆನ್ನನ್ನೇ ತೆಗೆದುಕೊಂಡು ‘ರಮಣ’ ಹೊಡೆದುಹಾಕಿ, ಮೇಲೆ ದುಂಡಗೆ ‘ರೋಣ’ ಎಂದು ಬರೆದರು.

“ಸ್ಕೂಲಿಗೆ ಸೇರ್ಸಿದಾಗ್ಲೂ ಮೇಷ್ಟ್ರು ಹಿಂಗೇ ತಿದ್ದಕ್ಕೆ ಹೋಗಿದ್ರಂತೆ. ನಮ್ಮಪ್ಪ ಬಿಟ್ಟಿಲ್ಲ. ನಮ್ಮಪ್ಪಂಗೆ ಓದಕ್ಕೆ ಬರ್ತಿರ್ಲಿಲ್ಲ ಸಾರ್. ಆದ್ರೂ ಬಿಟ್ಟಿಲ್ಲ.”

ಶುದ್ಧಪ್ರತಿ ಬರೆಯುವವರೆಗೂ ಕೂತಿದ್ದರು. ಬರೆದದ್ದನ್ನು ಒಂದೊಂದೇ ಅಕ್ಷರ ನೋಡಿ, ಸರಿಯಿದೆ ಎಂದು ತಲೆಯಾಡಿಸಿ ಎದ್ದರು. ಹೆಂಡತಿ ಕಾಫಿ ತರುವಷ್ಟರಲ್ಲಿ ಗೇಟು ದಾಟಿದ್ದರು.

ತಿದ್ದುಪಡಿ ಈವರೆಗೆ ಅಚ್ಚಾಗಿಲ್ಲ. ಆ ಸಂಪಾದಕಿ ಬೇರೆ ಕಡೆ ಕೆಲಸಕ್ಕೆ ಹೋದಳಂತೆ. ನಾನು ಸೋಮವಾರ ಸೋಮವಾರ ಫೋನು ಮಾಡುತ್ತೇನೆ. ಪ್ರತಿ ಸಲ ಹೊಸಬರೊಬ್ಬರು ಎತ್ತಿಕೊಂಡು, ಬಹಳ ಮರ್ಯಾದೆಯಿಂದ, ಹೆಸರು ಹೇಳಿ ಸರ್, ಬರೆದುಕೊಳ್ಳುತ್ತೇನೆ ಎನ್ನುತ್ತಾರೆ. ಹೇಳುತ್ತೇನೆ. ರಮಣ ಅಲ್ವಾ ಸರ್ ಎಂದು ಕೇಳುತ್ತಾರೆ. ಅಲ್ಲಮ್ಮ, ರೋಣ, ರಕಾರಕ್ಕೆ ಓತ್ವ ಎನ್ನುತ್ತೇನೆ. ತರಗತಿಯಲ್ಲಿ ಯಾರಿಗೂ ನಾನು ಇಷ್ಟು ತಾಳ್ಮೆಯಿಂದ ಕಾಗುಣಿತ ಹೇಳಿಕೊಟ್ಟವನಲ್ಲ.