ಚಂದ್ರಿ ಕೇಳದಿದ್ದ ಹೆಸರು

ಚಂದ್ರಿಯ ಕಣ್ಣಪಾಪೆ ಸೂಜಿಯಿಂದ ಗೀರಿದ ಅಡ್ಡಗೆರೆಯಷ್ಟೇ ಉಳಿದಿತ್ತು. ಬಾಯಿಂದ ಜೊಲ್ಲು ಒಂದೇ ಸಮನೆ ಸುರಿಯುತ್ತಿತ್ತು. ಐನಾಪುರದ ನನ್ನ ಸೋದರಮಾವ ದ್ರಾಕ್ಷಿಗೆ ಕೀಟನಾಶಕ ಕಲಸಿದ್ದ ಬಕೆಟ್ಟಿನಲ್ಲೇ, ಮರೆತು, ಎಮ್ಮೆಗೆ ನೀರು ಕುಡಿಸಿದ್ದರು. ಪಶುವೈದ್ಯರು ಓಡಿಬಂದು ಇಂಜೆಕ್ಷನ್ ಕೊಟ್ಟು ಜೀವ ಉಳಿಸಿದರು.

ಇದು ಕೆಲವು ವರ್ಷಗಳ ಹಿಂದಿನ ಮಾತು. ವಿವರಣೆಗೆ ಸಿಗದ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕೇಳುತ್ತಿದ್ದೆ. ಒಂದನ್ನೂ ನಂಬುತ್ತಿರಲಿಲ್ಲ. ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಇಲಿಗಳ ಕಲಿಕೆಯ ಬಗ್ಗೆ ಕೆಲಸ ಮಾಡಿ, ಪರೀಕ್ಷೆ ಮುಗಿಸಿ ಮಾವನ ಮನೆಗೆ ಬಂದಿದ್ದೆ. ಮಿದುಳಿನ ನರಕೋಶಗಳು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಕಲಿಯಲು, ನೆನಪಿಡಲು ಬೇಕಾದ ಅಂಥದ್ದೊಂದು ರಾಸಾಯನಿಕ ಅಸಿಟೈಲ್‌ಕೋಲಿನ್. ಸುದ್ದಿ ಮುಟ್ಟಿದ ಕೂಡಲೇ ಅದು ಅಳಿಯಬೇಕು. ಆ ಕೀಟನಾಶಕ ಅದನ್ನು ಅಳಿಯಲು ಬಿಡುವುದಿಲ್ಲ. ಎಲ್ಲರೂ ಒಟ್ಟಿಗೆ ಕೂಗುವ ಸಂತೆಯಲ್ಲಿ ಯಾರ ಮಾತೂ ಕೇಳಿಸದ ಹಾಗೆ ಆಗುತ್ತದೆ.

ಮೂರು ವಾರ ಕಳೆದರೂ ಚಂದ್ರಿ ಯಾರನ್ನೂ ಗುರುತಿಸಲಿಲ್ಲ. ಹೆಸರು ಕರೆದರೆ ಕಿವಿ ಅಲುಗದು. ಕರುವನ್ನು ಒದೆಯುತ್ತಿತ್ತು, ಹಾಲು ಇಳಿಸುತ್ತಿರಲಿಲ್ಲ. ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಅತ್ತೆಯನ್ನೇ ಒಮ್ಮೆ ಗೋಡೆಗೆ ಒತ್ತಿಬಿಟ್ಟಿತು.

"ನಾಳೆ ಮುಂಜಾನೆ ದಲ್ಲಾಳಿ ಬರ್ತಾನ. ಕೊಟ್ಟಬಿಡೂಣು," ಎಂದರು ಮಾವ, ಕೊಟ್ಟಿಗೆಯ ಕಡೆ ನೋಡದೆ.

"ಇಷಾ ಕುಡಿಸಿದವ್ರೂ ನೀವ, ಮಾರಾವ್ರೂ ನೀವ. ಛಲೋ ಆತು!" ಎಂದ ಅತ್ತೆ ನನ್ನ ಕಡೆ ತಿರುಗಿದರು. "ಸಾಲಿ ಕಲ್ತಾಕಿ ನೀನರ ಹೇಳ ಬೇ. ಮೊದಲಿನಂಗ ಆಗತೈತೋ ಇಲ್ಲೋ?"

"ಕಷ್ಟ ಐತಿ ಅತ್ತಿ. ನಾ ನೋಡಿದ ಇಲಿಗೋಳು..."

"ನಿನ್ನ ಇಲಿಗೋಳು ಹಾಲ ಕೊಡ್ತಿದ್ದುವೇನ ಬೇ?"



ಆ ಸಂಜೆ ಕೊನೆಯ ಸಲವೆಂದು ಅತ್ತೆ ಹಾಲಿನ ಬಕೆಟ್ಟು ಹಿಡಿದು ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಎಷ್ಟು ಕರೆದರೂ ಚಂದ್ರಿ ಗೋಡೆಯ ಕಡೆ ಮುಖ ಮಾಡಿಯೇ ನಿಂತಿತ್ತು. ಸಾಕಾಗಿ ಅತ್ತೆ ಕಂಬಕ್ಕೆ ಒರಗಿ ಕೂತರು. "ಬಾರ ಗಂಗಿ, ಬಾ ನನ್ನವ್ವ," ಅಂದವರೇ ನಾಲಿಗೆ ಕಚ್ಚಿಕೊಂಡರು.

ಗಂಗಿ ಚಂದ್ರಿಯ ತಾಯಿ. ಅತ್ತೆ ದಿಗ್ಗೇವಾಡಿಯ ತವರಿನಿಂದ ತಂದ ಎಮ್ಮೆ. ಚಂದ್ರಿ ಹುಟ್ಟಿದ ಗಳಿಗೆಯಲ್ಲೇ ಅದು ಸತ್ತಿತ್ತು. ಸತ್ತ ದನದ ಹೆಸರನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತುವುದಿಲ್ಲ, ಅದು ಕೊಟ್ಟಿಗೆಗೆ ಒಳ್ಳೆಯದಲ್ಲವಂತೆ. ಹೀಗಾಗಿ ಚಂದ್ರಿ ಹುಟ್ಟಿದ ಮೇಲೆ ಆ ಹೆಸರನ್ನು ಕೇಳಿರಲೇ ಇಲ್ಲ.

ಚಂದ್ರಿಯ ಎರಡೂ ಕಿವಿ ಹಿಂದಕ್ಕೆ ತಿರುಗಿದವು. ಅದು ಮೆಲ್ಲಗೆ ಸುತ್ತಿಬಂದು, ಹಗ್ಗ ಬಿಟ್ಟಷ್ಟು ದೂರ ನಡೆದು, ಅತ್ತೆಯ ಹೆಗಲ ಮೇಲೆ ಮೂತಿ ಇಟ್ಟಿತು.

ದನಿಯ ಮೆದುತನವೇ ಕಾರಣ ಎಂದುಕೊಂಡೆ. ಅತ್ತೆಯಿಂದ ಅದೇ ದನಿಯಲ್ಲಿ ರಂಗಿ ಎಂದು, ತುಂಗಿ ಎಂದು, ಚಂದ್ರಿ ಎಂದು ಕರೆಸಿದೆ. ಕಿವಿ ಅಲುಗಲಿಲ್ಲ. ಗಂಗಿ ಎಂದಾಗ ಅಲುಗಿದವು. ಮೂರು ಸಲ ಹೀಗೇ ಆಯಿತು. ಆಮೇಲೆ ಕರುವನ್ನು ಬಿಟ್ಟೆವು. ಚಂದ್ರಿ ಒದೆಯಲಿಲ್ಲ. ಕರುವಿನ ಬಾಯಂಚಿನಲ್ಲಿ ಹಾಲಿನ ನೊರೆ ಕಂಡಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ತಾಯಿಯ ಹೊಟ್ಟೆಯಲ್ಲಿದ್ದಾಗ ಕೇಳಿಸಿರಬಹುದು ಎಂದು ನಂತರ ಯೋಚಿಸಿದ್ದೇನೆ. ಆದರೆ ದಿನವೂ ಕೇಳಿದ ತನ್ನ ಹೆಸರನ್ನೇ ಕಳೆದುಕೊಂಡ ಮಿದುಳು ಅದೊಂದನ್ನು ಎಲ್ಲಿ ಉಳಿಸಿಕೊಂಡಿತ್ತು? ನಾನು ಓದಿದ್ದರಲ್ಲಿ ಇದಕ್ಕೆ ಉತ್ತರವಿಲ್ಲ. ಒಂದು ಎಮ್ಮೆ, ಒಂದು ಸಂಜೆ. ಇದನ್ನು ಪ್ರಯೋಗ ಎನ್ನಲೂ ಬರುವುದಿಲ್ಲ.

ಮರುದಿನ ಬೆಳಿಗ್ಗೆ ದಲ್ಲಾಳಿಯ ಟೆಂಪೊ ಅಂಗಳಕ್ಕೆ ಬಂದಾಗ ಮಾವ ಸ್ನಾನಕ್ಕೆ ಹೋಗಿದ್ದರು. ಗುರುತಿಲ್ಲದವರೊಡನೆ ನಾನಾಗಿ ಮಾತಾಡುವವಳಲ್ಲ, ಆದರೂ ಆವತ್ತು ನಾನೇ ಮುಂದೆ ಹೋದೆ.

"ಎಮ್ಮಿ ಕೊಡಂಗಿಲ್ರಿ," ಎಂದೆ.

"ಯಾಕ್ರಿ ಅಕ್ಕಾರ, ಒಂದ ರಾತ್ರ್ಯಾಗ ಶಾಣ್ಯಾ ಆತೇನ್ರಿ?" ಎಂದು ಅವನು ನಕ್ಕ.

"ಗೊತ್ತಿಲ್ರಿ," ಎಂದೆ. ಟೆಂಪೊ ತಿರುಗಿಸಲು ಜಾಗವಾಗಲೆಂದು ಮಾವನ ಬೈಕನ್ನು ಪಕ್ಕಕ್ಕೆ ಸರಿಸಿದೆ.